ಮಲಗಿದವರಿಗೆ ವಿಮೆ, ನಿಂತವರಿಗೆ ಜೇಬು: ಮೆಡಿಕಲ್ ಶಾಪ್ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತಿಪಟೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಮೊದಲೆಲ್ಲ ಜನ ‘ಇದನ್ನ ಊಟಕ್ಕೆ ಮುಂಚೆ ತಗೋಬೇಕಾ, ಆಮೇಲಾ’ ಎಂದು ಕೇಳುತ್ತಿದ್ದರು. ಈಗ ಚೀಟಿ ಕೈಗೆ ಕೊಡುವ ಮುಂಚೆಯೇ ‘ಇನ್ಶೂರೆನ್ಸ್‌ನಲ್ಲಿ ಬರುತ್ತಾ, ಕಾರ್ಡ್ ನಡೆಯುತ್ತಾ, ಜೆನೆರಿಕ್ ಇದೆಯಾ’ ಎನ್ನುತ್ತಾರೆ. ಕೊಬ್ಬರಿ ಹರಾಜಿನ ದಿನ ಹತ್ತು ಜನ ನಿಂತಿರುವಾಗ ಮಾತ್ರೆ ಕತ್ತರಿಸುತ್ತಾ ಹೇಳಿದ ಉತ್ತರ ಅರ್ಧ ಮಾತ್ರ ಕಿವಿಗೆ ಬೀಳುತ್ತದೆ. ಅದಕ್ಕೇ ಬರೆದಿಟ್ಟಿದ್ದೇನೆ. ನಾನು ಫಾರ್ಮಸಿಸ್ಟ್, ಡಾಕ್ಟರೂ ಅಲ್ಲ, ವಿಮೆ ಏಜೆಂಟೂ ಅಲ್ಲ. ಆ ಇಬ್ಬರ ಕಾಗದಗಳೂ ಕೊನೆಗೆ ಬಂದು ಬೀಳುವುದು ನನ್ನ ಮೇಜಿನ ಮೇಲೆ, ಅಷ್ಟೇ.

ನನ್ನ ಹತ್ರ 5 ಲಕ್ಷದ ಹೆಲ್ತ್ ಇನ್ಶೂರೆನ್ಸ್ ಇದೆ. ತಿಂಗಳ ಬಿಪಿ, ಶುಗರ್ ಮಾತ್ರೆಗೆ ಕ್ಲೇಮ್ ಮಾಡಬಹುದಾ?

ಹೆಚ್ಚಿನ ಪಾಲಿಸಿಗಳಲ್ಲಿ ಆಗುವುದಿಲ್ಲ. ನಮ್ಮಲ್ಲಿ ಆರೋಗ್ಯ ವಿಮೆ ಎಂದರೆ ಆಸ್ಪತ್ರೆಯ ಹಾಸಿಗೆಗೆ ಮಾಡಿಸಿದ ವಿಮೆ. ಅಡ್ಮಿಟ್ ಆದರೆ ದುಡ್ಡು ಬರುತ್ತದೆ. ಅಡ್ಮಿಟ್ ಆಗಬಾರದು ಎಂದು ದಿನಾ ಮಾತ್ರೆ ನುಂಗುವವರು ಸ್ವಂತ ಜೇಬಿನಿಂದ ಕೊಡಬೇಕು. ಮಲಗಿದವರಿಗೆ ವಿಮೆ, ನಿಂತವರಿಗೆ ಜೇಬು ಎಂದು ನಾನು ಆಗಾಗ ಹೇಳುವುದು ಇದಕ್ಕೇ. ಕೇಂದ್ರ ಸರ್ಕಾರದ 2021-22ರ ಲೆಕ್ಕದಲ್ಲೇ ದೇಶದ ಒಟ್ಟು ಆರೋಗ್ಯ ವೆಚ್ಚದ 39.4 ಪರ್ಸೆಂಟನ್ನು ಜನರೇ ಕೈಯಿಂದ ಕೊಟ್ಟಿದ್ದಾರೆ.

ಓಪಿಡಿ, ಅಂದರೆ ಅಡ್ಮಿಟ್ ಆಗದೆ ತೋರಿಸಿಕೊಂಡು ಬರುವ ಚಿಕಿತ್ಸೆಯ ಸೌಲಭ್ಯ ಸೇರಿಸಿದ ಪಾಲಿಸಿಗಳೂ ಸಿಗುತ್ತವೆ. ತೆಗೆದುಕೊಳ್ಳುವ ಮುಂಚೆ ಒಂದು ಲೆಕ್ಕ ಹಾಕಿ: ಅದಕ್ಕೆಂದು ಕಟ್ಟುವ ಹೆಚ್ಚುವರಿ ಪ್ರೀಮಿಯಂ ಎಷ್ಟು, ವರ್ಷಕ್ಕೆ ಓಪಿಡಿಗೆ ಕೊಡುವ ಮಿತಿ ಎಷ್ಟು. ಎರಡೂ ಹತ್ತಿರ ಹತ್ತಿರ ಇದ್ದರೆ ನಿಮ್ಮ ದುಡ್ಡನ್ನೇ ನಿಮಗೆ ಸುತ್ತಿ ಬಳಸಿ ವಾಪಸ್ ಕೊಡುತ್ತಿದ್ದಾರೆ ಎಂದರ್ಥ.

ಜನ ಮರೆತೇಬಿಡುವ ಒಂದು ದಾರಿ ಇಎಸ್‌ಐ, ಅಂದರೆ ಕೆಲಸಗಾರರಿಗೆ ಸರ್ಕಾರ ನಡೆಸುವ ವಿಮೆ. ತಿಂಗಳ ಸಂಬಳ 21,000 ರೂಪಾಯಿ ಒಳಗಿರುವವರಿಗೆ ಅದು ಅನ್ವಯ. ಗಾರ್ಮೆಂಟ್ಸ್‌ಗೆ ಹೋಗುವ ಎಷ್ಟೋ ಹೆಣ್ಣುಮಕ್ಕಳ ಸಂಬಳದಲ್ಲಿ 0.75 ಪರ್ಸೆಂಟ್ ಮುರಿಯುತ್ತಾರೆ. 15,000 ಸಂಬಳಕ್ಕೆ 112 ರೂಪಾಯಿ 50 ಪೈಸೆ. ಮಾಲೀಕರು ತಮ್ಮ ಕಡೆಯಿಂದ 3.25 ಪರ್ಸೆಂಟ್ ಹಾಕುತ್ತಾರೆ. ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಅಡ್ಮಿಟ್ ಆಗದೆಯೂ ಔಷಧ ಸಿಗುತ್ತದೆ, ಮನೆಯವರಿಗೂ ಸಿಗುತ್ತದೆ. ಆದರೂ ‘ಅಲ್ಲಿಗೆ ಯಾರು ಹೋಗ್ತಾರೆ ಅಣ್ಣಾ, ಒಂದು ದಿನದ ಹಾಜರಿ ಹೋಗುತ್ತೆ’ ಎಂದು ನನ್ನ ಹತ್ತಿರವೇ ಕೊಳ್ಳುತ್ತಾರೆ. ಅವರ ಮಾತಿನಲ್ಲೂ ಸುಳ್ಳಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ಮಾತ್ರೆ ಪುಕ್ಕಟೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಶುರು ಮಾಡಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಗೇ ಬಂದು ತಪಾಸಣೆ ಮಾಡುತ್ತಾರೆ, ಮಾತ್ರೆಯನ್ನೂ ಕೊಡುತ್ತಾರೆ. ವ್ಯಾಪಾರ ಹೋಗುತ್ತದೆ ಎಂದು ನಾನಿದನ್ನು ಮುಚ್ಚಿಡುವುದಿಲ್ಲ. ತಿಂಗಳ ಕೊನೆಯ ವಾರ ಮಾತ್ರೆ ಬಿಟ್ಟು ಮುಂದಿನ ತಿಂಗಳು ಬಿಪಿ ಇನ್ನೂರು ಮುಟ್ಟಿಸಿಕೊಂಡು ಬರುವವರನ್ನು ನೋಡಿ ಸಾಕಾಗಿದೆ.

ಶೀಟಿನ ಮೇಲೆ 112 ಅಂತಿದೆ, ನೀವು 105 ಹಾಕಿದೀರಿ. ಏನಾದ್ರೂ ಹಳೇ ಮಾಲಾ?

ಹಳೇ ಮಾಲೇ, ಆದರೆ ಎಕ್ಸ್‌ಪೈರಿ ಮುಂದಿದೆ, ಹೆದರಬೇಡಿ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಗಳ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿಯಿತು. ಕ್ಯಾನ್ಸರ್ ಮತ್ತು ಅಪರೂಪದ ಕಾಯಿಲೆಗಳ ಕೆಲವು ದುಬಾರಿ ಔಷಧಗಳಿಗೆ ತೆರಿಗೆ ಪೂರ್ತಿ ಹೋಯಿತು. ಮೂಲ ಬೆಲೆ 100 ಇದ್ದರೆ ಮೊದಲು 112, ಈಗ 105. ಅಂದರೆ ಹಳೇ ಎಂಆರ್‌ಪಿಯಲ್ಲಿ ಸುಮಾರು ಆರೂಕಾಲು ಪರ್ಸೆಂಟ್ ಕಡಿಮೆಯಾಗಬೇಕು; ಏಳು ಪರ್ಸೆಂಟ್ ಅಲ್ಲ. ಹೊಸ ದರ ಬಂದಾಗ ಅಂಗಡಿಗಳಲ್ಲಿದ್ದ ಶೀಟುಗಳಿಗೆಲ್ಲ ಮತ್ತೆ ಚೀಟಿ ಅಂಟಿಸುವುದು ಕಡ್ಡಾಯವಿರಲಿಲ್ಲ, ಬಿಲ್ಲಿನಲ್ಲಿ ಕಡಿಮೆ ಮಾಡಿದರೆ ಸಾಕಿತ್ತು. ಹಳೇ ಎಂಆರ್‌ಪಿ ಇರುವ ಶೀಟಿಗೆ ಯಾರಾದರೂ ಪೂರ್ತಿ ಬೆಲೆ ಹಾಕಿದರೆ ಬಿಲ್ ಕೇಳಿ. ಬಿಲ್ ಎಂದ ಕೂಡಲೇ ಎಷ್ಟೋ ಕಡೆ ಲೆಕ್ಕ ತಾನಾಗಿ ಸರಿಹೋಗುತ್ತದೆ.

ಏಪ್ರಿಲ್ ಬಂದ್ರೆ ಮಾತ್ರೆ ಬೆಲೆ ಯಾಕೆ ಏರುತ್ತೆ?

ಔಷಧ ಬೆಲೆ ನಿಯಂತ್ರಣ ಆದೇಶ, 2013 ಎಂದೊಂದಿದೆ. ಅದರಡಿ ಅಗತ್ಯ ಔಷಧಗಳಿಗೆ ಸರ್ಕಾರ ಗರಿಷ್ಠ ಬೆಲೆ ಕಟ್ಟುತ್ತದೆ. 2022ರ ಅಗತ್ಯ ಔಷಧಗಳ ಪಟ್ಟಿಯಲ್ಲಿ 384 ಔಷಧಗಳಿವೆ. ಇವುಗಳ ಬೆಲೆ ಸಗಟು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏಪ್ರಿಲ್‌ನಲ್ಲಿ ಬದಲಾಗುತ್ತದೆ. 2023ರಲ್ಲಿ ಏರಿಕೆ 12 ಪರ್ಸೆಂಟ್ ದಾಟಿತ್ತು, 2024ರಲ್ಲಿ ಹೆಚ್ಚೂಕಡಿಮೆ ಸೊನ್ನೆ, 2025ರಲ್ಲಿ 1.74 ಪರ್ಸೆಂಟ್. ಪಟ್ಟಿಯ ಹೊರಗಿನ ಔಷಧಗಳಿಗೆ ಕಂಪನಿಗಳು ವರ್ಷಕ್ಕೆ 10 ಪರ್ಸೆಂಟ್‌ವರೆಗೆ ಏರಿಸಬಹುದು, ಬಹಳಷ್ಟು ಕಂಪನಿಗಳು ಏರಿಸುತ್ತವೆ ಕೂಡ. ಟಿವಿಯಲ್ಲಿ ಸುದ್ದಿಯಾಗುವುದು ಮೊದಲನೆಯದು. ನಿಮ್ಮ ಜೇಬಿಗೆ ತಾಗುವುದು ಎರಡನೆಯದು.

ಡಾಕ್ಟರ್ ಬರೆದ ಕಂಪನಿ ಬಿಟ್ಟು, ಅದೇ ಔಷಧ ಕಡಿಮೆ ಬೆಲೆಯದ್ದು ಕೊಡಿ ಅಂದ್ರೆ ಯಾಕೆ ಕೊಡಲ್ಲ?

ಕಾನೂನು ಬಿಡುವುದಿಲ್ಲ. ಔಷಧ ನಿಯಮಾವಳಿ 1945ರ 65ನೇ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಶೆಡ್ಯೂಲ್ ಎಚ್‌ನಲ್ಲಿರುವ, ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಔಷಧಕ್ಕೆ ಚೀಟಿ ಬಂದರೆ, ಒಳಗಿನ ಅಂಶ ಒಂದೇ ಆಗಿದ್ದರೂ ಅದರ ಬದಲಿಗೆ ಇನ್ನೊಂದು ಕೊಡುವಂತಿಲ್ಲ. ಡಾಕ್ಟರ್ ಚೀಟಿಯಲ್ಲಿ ಕಂಪನಿ ಹೆಸರು ಬರೆದರೆ ನನ್ನ ಕೈ ಕಟ್ಟಿದಂತೆ. ಔಷಧದ ಮೂಲ ಹೆಸರು, ಅಂದರೆ ಜೆನೆರಿಕ್ ಹೆಸರು ಬರೆದರೆ ನನ್ನಲ್ಲಿರುವುದರಲ್ಲಿ ಅಗ್ಗದ್ದನ್ನು ಕೊಡಬಹುದು. ಡಾಕ್ಟರುಗಳು ಜೆನೆರಿಕ್ ಹೆಸರನ್ನೇ ಬರೆಯಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂದಿತು. ಡಾಕ್ಟರುಗಳ ಸಂಘಗಳು ಎದ್ದು ನಿಂತವು, ಅದೇ ತಿಂಗಳು ನಿಯಮವನ್ನು ತಡೆಹಿಡಿದರು. ಹಾಗಾಗಿ ಇವತ್ತಿಗೂ ಹಳೇ ಆಟವೇ.

ಈಗ ಒಳಗಿನ ಮಾತು. ಕಾನೂನು ಇದ್ದರೂ ಬದಲಿಸಿ ಕೊಡುವ ಅಂಗಡಿಗಳಿವೆ. ಹಾಗೆ ಬದಲಿಸುವುದೆಲ್ಲ ನಿಮ್ಮ ಲಾಭಕ್ಕೆ ಎಂದುಕೊಳ್ಳಬೇಡಿ. ಡಾಕ್ಟರುಗಳ ಹತ್ತಿರ ಪ್ರಚಾರ ಮಾಡದೆ ನೇರ ಅಂಗಡಿಗೇ ಬರುವ ಮಾಲು ಇರುತ್ತದೆ. ಅದರಲ್ಲಿ ನೂರು ರೂಪಾಯಿ ಎಂದು ಛಾಪಿಸಿದ ಶೀಟು ನಮಗೆ ಮೂವತ್ತಕ್ಕೂ ಸಿಗುತ್ತದೆ. ಅದನ್ನು ಎಂಬತ್ತಕ್ಕೆ ಕೊಟ್ಟು ‘ನಿಮಗೆ ಇಪ್ಪತ್ತು ಬಿಟ್ಟಿದ್ದೀನಿ ಯಜಮಾನ್ರೇ’ ಎಂದರೆ ಗಿರಾಕಿಗೂ ಖುಷಿ, ಅಂಗಡಿಯವನಿಗೂ ಖುಷಿ. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಕ್ಕೆ ಸರ್ಕಾರದ ಸೂತ್ರ ನಮಗೆ ಇಟ್ಟಿರುವುದು 16 ಪರ್ಸೆಂಟ್: ನೂರಕ್ಕೆ ಕೊಂಡು ನೂರಾ ಹದಿನಾರಕ್ಕೆ ಮಾರುವುದು. ಅದರಲ್ಲೇ ಬಾಡಿಗೆ, ಕರೆಂಟು, ಫ್ರಿಡ್ಜು, ಹುಡುಗನ ಸಂಬಳ ಎಲ್ಲ ಕಳೆಯಬೇಕು. ಎಲ್ಲದಕ್ಕೂ ಇಪ್ಪತ್ತು ಪರ್ಸೆಂಟ್ ಬಿಡುವ ಅಂಗಡಿ ಕಂಡರೆ ನನಗೆ ಮೊದಲು ಬರುವ ಯೋಚನೆ, ಇವನ ಮಾಲು ಎಲ್ಲಿಂದ ಬರುತ್ತದೆ ಎಂದು.

ನಿಮ್ಮ ಕೈಲಿರುವ ದಾರಿ ಒಂದೇ. ಡಾಕ್ಟರ ಮುಂದೆ ಕೂತಿರುವಾಗಲೇ ‘ಸಾರ್, ಜೆನೆರಿಕ್ ಹೆಸರು ಬರೆದುಕೊಡಿ’ ಎಂದು ಕೇಳಿ. ಬಹಳ ಜನ ಡಾಕ್ಟರು ಬರೆಯುತ್ತಾರೆ. ಆ ಮಾತನ್ನು ಅವರ ಹತ್ತಿರ ಆಡಲು ನಾಚಿಕೊಂಡು ನನ್ನ ಹತ್ತಿರ ಜಗಳ ಆಡಿದರೆ ಏನು ಬಂತು?

ಜನೌಷಧಿ ಮಾತ್ರೆ ಕೆಲಸ ಮಾಡಲ್ಲ ಅಂತಾರಲ್ಲ?

ನಮ್ಮ ಮನೆಯಲ್ಲಿ ನನ್ನ ತಾಯಿ ನುಂಗುತ್ತಿರುವುದು ಜನೌಷಧಿಯ, ಅಂದರೆ ಕೇಂದ್ರ ಸರ್ಕಾರದ ಯೋಜನೆಯ ಅಗ್ಗದ ಜೆನೆರಿಕ್ ಅಂಗಡಿಯ ಬಿಪಿ ಮಾತ್ರೆ. ಬೇರೆ ಅಂಗಡಿಯಿಂದ ತಂದು ತಾಯಿಗೆ ಕೊಡುವ ಮೆಡಿಕಲ್ ಶಾಪಿನವನು ಎಂದು ನಗಬೇಡಿ. ಬ್ರಾಂಡ್ ಔಷಧಕ್ಕಿಂತ 50ರಿಂದ 80 ಪರ್ಸೆಂಟ್ ಕಡಿಮೆ ಬೆಲೆ ಎಂದು ಸರ್ಕಾರ ಹೇಳುವುದು ಬಹುಪಾಲು ಮಾತ್ರೆಗಳಿಗೆ ನಿಜ. 2025ರ ಶುರುವಿಗೇ ದೇಶದಲ್ಲಿ 15,000 ಕೇಂದ್ರಗಳಾಗಿದ್ದವು. ಕರ್ನಾಟಕದಲ್ಲಿ 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಕೇಂದ್ರಗಳನ್ನು ಮುಚ್ಚಿಸಲು ರಾಜ್ಯ ಸರ್ಕಾರ ಹೊರಟಿತು. ಆಸ್ಪತ್ರೆಯಲ್ಲೇ ಪುಕ್ಕಟೆ ಔಷಧ ಕೊಡುವಾಗ ಮಾರುವ ಅಂಗಡಿ ಯಾಕೆ ಎಂಬುದು ಅವರ ವಾದ. ವಿಷಯ ಹೈಕೋರ್ಟಿಗೆ ಹೋಯಿತು. ಪುಕ್ಕಟೆ ಕೊಡುವ ಕಿಟಕಿಯಲ್ಲಿ ‘ಸ್ಟಾಕ್ ಇಲ್ಲ’ ಎಂಬ ಬೋರ್ಡು ಎಂದೂ ಬೀಳದಿದ್ದರೆ ಆ ವಾದ ಸರಿ.

ಗುಣಮಟ್ಟದ ವಿಷಯಕ್ಕೆ ಬಂದರೆ, ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಪರೀಕ್ಷೆಯಲ್ಲಿ ಫೇಲಾದ ಬ್ಯಾಚುಗಳ ಪಟ್ಟಿ ಹೊರಡಿಸುತ್ತದೆ. ನಾನು ತಪ್ಪದೆ ನೋಡುತ್ತೇನೆ. ಅದರಲ್ಲಿ ಹೆಸರೇ ಕೇಳದ ಕಂಪನಿಗಳೂ ಇರುತ್ತವೆ, ದೊಡ್ಡ ಹೆಸರಿನವರೂ ಇರುತ್ತಾರೆ. ಬ್ರಾಂಡ್ ಎಂದರೆ ಗುಣಮಟ್ಟದ ಗ್ಯಾರಂಟಿ ಅಲ್ಲ, ಅಗ್ಗ ಎಂದರೆ ಕಳಪೆಯೂ ಅಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಡ್ರಿಪ್‌ಗೆ ಬಳಸಿದ ದ್ರಾವಣದ ಮೇಲೆ ಅನುಮಾನ ಬಂದು ಅದರ ಬಳಕೆಯನ್ನೇ ನಿಲ್ಲಿಸಿದರು. ಅದಾದ ಮೇಲೆ ಜನ ಭಯ ಪಟ್ಟರೆ ನಾನು ಬೈಯುವುದಿಲ್ಲ. ಆದರೆ ಆ ಭಯ ಬ್ಯಾಚ್ ನಂಬರ್ ನೋಡುವ ಅಭ್ಯಾಸವಾಗಬೇಕೇ ಹೊರತು ದುಬಾರಿಯದ್ದೇ ಒಳ್ಳೆಯದು ಎಂಬ ನಂಬಿಕೆಯಾಗಬಾರದು.

ಒಂದು ಎಚ್ಚರ ಮಾತ್ರ ಹೇಳುತ್ತೇನೆ. ಥೈರಾಯ್ಡ್ ಮಾತ್ರೆ, ಫಿಟ್ಸ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಇವುಗಳಲ್ಲಿ ಸ್ವಲ್ಪ ಏರುಪೇರಾದರೂ ಮೈಗೆ ಗೊತ್ತಾಗುತ್ತದೆ. ಇವನ್ನು ತಿಂಗಳಿಗೊಂದು ಕಂಪನಿ ಎಂದು ಬದಲಿಸಬೇಡಿ. ಬದಲಿಸುವುದಾದರೆ ಡಾಕ್ಟರಿಗೆ ಹೇಳಿ ಬದಲಿಸಿ, ಅವರು ಹೇಳಿದಾಗ ರಕ್ತ ಪರೀಕ್ಷೆ ಮಾಡಿಸಿ.

ಶುಗರ್‌ನ ಒಂದು ಮಾತ್ರೆ ಮೊದಲು 60 ರೂಪಾಯಿ ಇತ್ತು, ಈಗ 10 ರೂಪಾಯಿಗೂ ಇದೆ ಅಂತಾರೆ. ನಕಲಿನಾ?

ಅಲ್ಲ. ನೀವು ಕೇಳುತ್ತಿರುವುದು ಎಂಪಾಗ್ಲಿಫ್ಲೋಜಿನ್. 2025ರ ಮಾರ್ಚ್‌ನಲ್ಲಿ ಅದರ ಪೇಟೆಂಟ್, ಅಂದರೆ ಕಂಡುಹಿಡಿದ ಕಂಪನಿಗೆ ಮಾತ್ರ ಇದ್ದ ಹಕ್ಕು ಮುಗಿಯಿತು. ಅಲ್ಲಿಯವರೆಗೆ ಒಂದು ಮಾತ್ರೆಗೆ ಸುಮಾರು 60 ರೂಪಾಯಿ. ಮುಗಿದ ವಾರದಲ್ಲೇ ನಮ್ಮ ದೇಶದ ಹತ್ತಾರು ಕಂಪನಿಗಳು ಸುಮಾರು ಐದೂವರೆ ರೂಪಾಯಿಯಿಂದ ಶುರು ಮಾಡಿ ತಂದವು. ಇದಕ್ಕೂ ಮೊದಲು ವಿಲ್ಡಾಗ್ಲಿಪ್ಟಿನ್, ಸಿಟಾಗ್ಲಿಪ್ಟಿನ್‌ಗಳಿಗೂ ಹೀಗೇ ಆಗಿತ್ತು. ಆದರೂ ಹಳೇ ಚೀಟಿಯನ್ನೇ ಹಿಡಿದು ಹಳೇ ಬ್ರಾಂಡನ್ನೇ ಕೇಳುವವರು ಈಗಲೂ ಬರುತ್ತಾರೆ. ಮೇಲೆ ಹೇಳಿದ ಕಾನೂನಿನಿಂದ ನಾನು ಅದನ್ನೇ ಕೊಡಬೇಕು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಈ ಒಂದು ಮಾತ್ರೆಯ ಬಗ್ಗೆಯಾದರೂ ಕೇಳಿ. ತಿಂಗಳಿಗೆ ಸಾವಿರಕ್ಕೂ ಹೆಚ್ಚು ಉಳಿಯುತ್ತದೆ.

ಹೋದ ಸಲ ಇದೇ ಮಾತ್ರೆಗೆ ಜ್ವರ ಹೋಗಿತ್ತು. ಈ ಸಲ ಚೀಟಿ ಇಲ್ಲ, ಹಾಗೇ ಕೊಡಿ.

ಪ್ಯಾರಾಸಿಟಮಾಲ್ ಕೊಡುತ್ತೇನೆ. ಆ್ಯಂಟಿಬಯಾಟಿಕ್ ಕೊಡುವುದಿಲ್ಲ. 2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧಗಳಿಗೆ, ಅಂದರೆ ಜೋರಿನ ಆ್ಯಂಟಿಬಯಾಟಿಕ್‌ಗಳು, ಟಿಬಿ ಮಾತ್ರೆಗಳು, ಕೆಲವು ನಿದ್ದೆ ಮಾತ್ರೆಗಳಿಗೆ ನಾನು ಬೇರೆ ರಿಜಿಸ್ಟರ್ ಇಡಬೇಕು. ಅದರಲ್ಲಿ ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆ ಎಂದು ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಡ್ರಗ್ ಇನ್‌ಸ್ಪೆಕ್ಟರ್ ಬಂದರೆ ಮೊದಲು ಕೇಳುವುದೇ ಅದನ್ನು. ‘ನಮ್ಮೂರವರಲ್ವಾ’ ಎಂದರೂ ರಿಜಿಸ್ಟರಿನಲ್ಲಿ ಬರೆಯಲು ಹೆಸರು ಬೇಕೇ ಬೇಕು.

ಮಗುಗೆ ಕೆಮ್ಮು. ದೊಡ್ಡವರ ಸಿರಪ್ಪನ್ನೇ ಅರ್ಧ ಚಮಚ ಕೊಡ್ಲಾ?

ಕೊಡಬೇಡಿ. ಕ್ಲೋರ್ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಶೀತದ ಔಷಧವನ್ನು ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಬಳಸಬಾರದು ಎಂದು 2023ರ ಡಿಸೆಂಬರ್‌ನಲ್ಲೇ ಆದೇಶವಾಗಿದೆ. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮಕ್ಕಳು ಸತ್ತ ಸುದ್ದಿ ಓದಿರುತ್ತೀರಿ. ಅವರು ಕುಡಿದ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿಕ್ಕಿತು. ಅದು ನೇರ ಕಿಡ್ನಿಗೆ ಹೊಡೆಯುತ್ತದೆ. ಆ ತಿಂಗಳೆಲ್ಲ ನನ್ನ ಅಂಗಡಿಯಲ್ಲಿ ಅಜ್ಜಿಯರು ಬಾಟಲಿ ಹಿಂದುಮುಂದು ತಿರುಗಿಸಿ ನೋಡುತ್ತಿದ್ದರು. ಮಗುವಿಗೆ ಉಸಿರಾಟ ಜೋರಾಗಿದ್ದರೆ, ಹಾಲು ಬಿಟ್ಟಿದ್ದರೆ ಅಂಗಡಿಗೆ ಬರಬೇಡಿ, ಆಸ್ಪತ್ರೆಗೆ ಹೋಗಿ.

ಹೊಸ ಪಾಲಿಸಿ ಮಾಡಿಸ್ತಿದೀನಿ. ಶುಗರ್ ಇದೆ ಅಂತ ಫಾರಂನಲ್ಲಿ ಬರೀಬೇಕಾ? ಏಜೆಂಟ್ ಬೇಡ ಅಂತಿದಾನೆ.

ಬರೆಯಿರಿ. ಬರೆಯಿರಿ. ಬರೆಯಿರಿ.

ಒಬ್ಬ ಗಿರಾಕಿ ಇದ್ದರು, ಹೆಸರು ಬೇಡ. ಆರು ವರ್ಷದಿಂದ ನನ್ನ ಹತ್ತಿರವೇ ಮೆಟ್‌ಫಾರ್ಮಿನ್ ಕೊಳ್ಳುತ್ತಿದ್ದವರು. ಒಂದು ದಿನ ಬಂದು ‘ಇನ್ಮೇಲೆ ಬಿಲ್ಲಿನಲ್ಲಿ ನನ್ನ ಹೆಸರು ಹಾಕಬೇಡಿ’ ಎಂದರು. ಪಾಲಿಸಿ ಮಾಡಿಸಿದ್ದಾರೆ, ಫಾರಂನಲ್ಲಿ ಕಾಯಿಲೆ ಇಲ್ಲ ಎಂದು ಟಿಕ್ ಹಾಕಿಸಿದ್ದಾರೆ ಎಂದು ನನಗೆ ಗೊತ್ತಾಯಿತು. ಎರಡನೇ ವರ್ಷ ಕಾಲಿನ ಹುಣ್ಣಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರು. ಡ್ಯೂಟಿ ಡಾಕ್ಟರ್ ‘ಶುಗರ್ ಎಷ್ಟು ವರ್ಷದಿಂದ’ ಎಂದು ಕೇಳಿದರು. ನೋವಿನಲ್ಲಿದ್ದ ಮನುಷ್ಯ ಸತ್ಯ ಹೇಳಿದರು: ಎಂಟು ವರ್ಷ. ಕೇಸ್ ಶೀಟಿನ ಮೊದಲ ಸಾಲು ಅದೇ. ಕ್ಲೇಮ್ ತಿರಸ್ಕಾರವಾಯಿತು, ಪಾಲಿಸಿಯೂ ರದ್ದಾಯಿತು. ನನ್ನ ಬಿಲ್ಲಿನಲ್ಲಿ ಹೆಸರು ಇಲ್ಲದಿದ್ದರೂ ಅವರ ಬಾಯಲ್ಲೇ ಇತ್ತು.

ಬರೆದರೆ ಆಗುವುದೇನು? ಸ್ವಲ್ಪ ಪ್ರೀಮಿಯಂ ಹೆಚ್ಚಾಗಬಹುದು, ಆ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಈ ಅವಧಿಯನ್ನು ಗರಿಷ್ಠ 4 ವರ್ಷದಿಂದ 3 ವರ್ಷಕ್ಕೆ ಇಳಿಸಿದೆ. ಬಿಡದೆ 5 ವರ್ಷ ಪ್ರೀಮಿಯಂ ಕಟ್ಟಿದ ಮೇಲೆ ‘ಅದನ್ನು ಹೇಳಲಿಲ್ಲ, ಇದನ್ನು ಹೇಳಲಿಲ್ಲ’ ಎಂದು ಕ್ಲೇಮ್ ತಿರಸ್ಕರಿಸುವಂತಿಲ್ಲ. ಮೋಸ ಸಾಬೀತಾದರೆ ಬೇರೆ ಮಾತು. ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ಬೇಡ ಎಂದು ಹಿಂತಿರುಗಿಸಲೂಬಹುದು. ಆ 30 ದಿನದಲ್ಲಿ ನಿಮ್ಮ ಫಾರಂನಲ್ಲಿ ಏಜೆಂಟ್ ಏನು ಬರೆದಿದ್ದಾನೆ ಎಂದು ಒಮ್ಮೆ ಓದಿ.

ಡಿಸ್ಚಾರ್ಜ್ ಆದ ಮೇಲೆ ನಿಮ್ಮ ಅಂಗಡಿಯಲ್ಲಿ ತಗೊಂಡ ಔಷಧದ ದುಡ್ಡು ಬರುತ್ತಾ?

ಬರುತ್ತದೆ, ಮತ್ತು ಹೆಚ್ಚಿನವರು ಕೇಳುವುದೇ ಇಲ್ಲ. ಸಾಮಾನ್ಯವಾಗಿ ಅಡ್ಮಿಟ್ ಆಗುವ ಮುಂಚಿನ 30 ದಿನ, ಡಿಸ್ಚಾರ್ಜ್ ನಂತರದ 60 ದಿನದ ಖರ್ಚು ಪಾಲಿಸಿಯೊಳಗೆ ಬರುತ್ತದೆ. ಕೆಲವು ಪಾಲಿಸಿಗಳಲ್ಲಿ 60 ಮತ್ತು 90. ಅದೇ ಕಾಯಿಲೆಗೆ ಸಂಬಂಧಿಸಿದ್ದಾಗಿರಬೇಕು ಅಷ್ಟೇ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಎರಡು ತಿಂಗಳ ಮಾತ್ರೆ ಖರ್ಚೇ ಸಾವಿರಗಟ್ಟಲೆ ಆಗುತ್ತದೆ, ಬಿಟ್ಟುಬಿಡಬೇಡಿ.

ಕ್ಲೇಮ್ ಎಡವುವುದು ಸಣ್ಣ ವಿಷಯಕ್ಕೆ. ಅವಸರದಲ್ಲಿ ಅಂಗಡಿಯ ಹುಡುಗ ಕಂಪ್ಯೂಟರ್ ಬಿಲ್ಲಿನಲ್ಲಿ ರೋಗಿಯ ಹೆಸರಿನ ಜಾಗದಲ್ಲಿ ‘ಕ್ಯಾಶ್’ ಎಂದೂ ಡಾಕ್ಟರ ಜಾಗದಲ್ಲಿ ‘ಸೆಲ್ಫ್’ ಎಂದೂ ಹೊಡೆದಿರುತ್ತಾನೆ. ಆ ಬಿಲ್ಲು ಟಿಪಿಎ, ಅಂದರೆ ವಿಮಾ ಕಂಪನಿ ಪರವಾಗಿ ಕ್ಲೇಮ್ ನೋಡುವವರ ಮೇಜಿಗೆ ಹೋದರೆ ಕಸಕ್ಕೆ ಸಮ. ನನ್ನ ಅಂಗಡಿಯಿಂದಲೇ ಅಂಥ ಬಿಲ್ಲು ಹೋಗಿ, 4,300 ರೂಪಾಯಿ ಕ್ಲೇಮ್ ವಾಪಸ್ ಬಂದು, ಆ ಮೇಷ್ಟ್ರು ಬಿಸಿಲಲ್ಲಿ ಎರಡು ಸಲ ಓಡಾಡಿದ್ದಾರೆ. ತಪ್ಪು ನಮ್ಮದೇ. ಆವತ್ತಿನಿಂದ ಹೆಸರು ಕೇಳದೆ ಬಿಲ್ ಹೊಡೆಯಬಾರದು ಎಂದು ಹುಡುಗನಿಗೆ ಕಟ್ಟುನಿಟ್ಟು. ಬಿಲ್ಲಿನಲ್ಲಿ ರೋಗಿಯ ಹೆಸರು, ಡಾಕ್ಟರ ಹೆಸರು, ಔಷಧದ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ, ಅಂಗಡಿಯ ಲೈಸೆನ್ಸ್ ನಂಬರ್ ಇವೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ. ಜೊತೆಗೆ ಚೀಟಿಯ ಪ್ರತಿ ಇರಲಿ. ಥರ್ಮಲ್ ಕಾಗದದ ಬಿಲ್ಲು ಆರು ತಿಂಗಳಲ್ಲಿ ಬೆಳ್ಳಗಾಗುತ್ತದೆ, ಅವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು, ‘ಹಿಂದಿನ ತಿಂಗಳ ದಿನಾಂಕ ಹಾಕಿ ಒಂದು ಬಿಲ್ ಕೊಡಿ’ ಎನ್ನುವವರಿಗೆ: ಆಗುವುದಿಲ್ಲ. ಬ್ಯಾಚ್ ನನ್ನ ಅಂಗಡಿಗೆ ಯಾವತ್ತು ಬಂತು ಎಂದು ಸ್ಟಾಕಿಸ್ಟ್ ಬಿಲ್ಲು ಹೇಳುತ್ತದೆ. ಇಬ್ಬರೂ ಸಿಕ್ಕಿಬೀಳುತ್ತೇವೆ.

ಕ್ಯಾಶ್‌ಲೆಸ್ ಅಂತ ಹೇಳಿ ಕೊನೆಗೆ 18 ಸಾವಿರ ಕೈಯಿಂದ ಕಟ್ಟಿಸಿಕೊಂಡ್ರು. ಯಾಕೆ?

ಎರಡು ಕಾರಣ ಇರಬಹುದು. ಒಂದು, ಗ್ಲೌಸ್, ಮಾಸ್ಕ್, ಡೈಪರ್, ಫೈಲ್ ಚಾರ್ಜು ಇಂಥವು. ಇವನ್ನು ಬಹಳ ಪಾಲಿಸಿಗಳು ಕೊಡುವುದಿಲ್ಲ. ಬೇಕಾದರೆ ಬೇರೆ ರೈಡರ್, ಅಂದರೆ ಹೆಚ್ಚುವರಿ ದುಡ್ಡು ಕಟ್ಟಿ ಸೇರಿಸುವ ಸೌಲಭ್ಯ ತೆಗೆದುಕೊಳ್ಳಬೇಕು.

ಇನ್ನೊಂದು, ರೂಮಿನ ಬಾಡಿಗೆ. ಪಾಲಿಸಿಯಲ್ಲಿ ದಿನಕ್ಕೆ 4,000ದ ರೂಮು ಎಂದಿದ್ದು ನೀವು 8,000ದ ರೂಮಿನಲ್ಲಿ ಮಲಗಿದರೆ ಬಾಡಿಗೆಯ ವ್ಯತ್ಯಾಸ ಮಾತ್ರ ಅಲ್ಲ, ಡಾಕ್ಟರ ಫೀಸು, ಆಪರೇಷನ್ ಚಾರ್ಜು ಎಲ್ಲದರಲ್ಲೂ ಅರ್ಧ ಕತ್ತರಿಸಬಹುದು. ಆದರೆ ಒಂದು ಸೂಕ್ಷ್ಮ ಇದೆ, ನನಗೆ ಸಂಬಂಧಿಸಿದ್ದರಿಂದ ನೆನಪಿಟ್ಟುಕೊಂಡಿದ್ದೇನೆ. ಹೀಗೆ ರೂಮಿನ ಲೆಕ್ಕದಲ್ಲಿ ಕತ್ತರಿಸುವಾಗ ಔಷಧ, ಸಿರಿಂಜಿನಂಥ ಬಳಕೆಯ ಸಾಮಾನು, ಸ್ಟೆಂಟಿನಂಥ ಇಂಪ್ಲಾಂಟ್, ಲ್ಯಾಬ್ ಪರೀಕ್ಷೆ ಇವುಗಳನ್ನು ಸೇರಿಸುವಂತಿಲ್ಲ. ಯಾವ ರೂಮಿನಲ್ಲಿ ಮಲಗಿದರೂ ಮಾತ್ರೆಯ ಬೆಲೆ ಅದೇ ಅಲ್ಲವೇ? ಬಿಲ್ಲಿನಲ್ಲಿ ಫಾರ್ಮಸಿ ಮೊತ್ತಕ್ಕೂ ಅದೇ ಪ್ರಮಾಣದಲ್ಲಿ ಕತ್ತರಿ ಬಿದ್ದಿದ್ದರೆ ಬರವಣಿಗೆಯಲ್ಲಿ ಕಾರಣ ಕೇಳಿ.

ಆಸ್ಪತ್ರೆಯೊಳಗಿನ ಮೆಡಿಕಲ್‌ನಲ್ಲೇ ಔಷಧ ತಗೋಬೇಕು ಅಂತ ಬಲವಂತ ಮಾಡ್ತಾರೆ.

ಹಾಗೆ ಬಲವಂತ ಮಾಡಬೇಕೆಂಬ ಕಾನೂನು ಎಲ್ಲೂ ಇಲ್ಲ. ಸುಪ್ರೀಂ ಕೋರ್ಟಿನ ಮುಂದೆ ಈ ವಿಷಯ ಬಂದು, 2025ರ ಮಾರ್ಚ್‌ನಲ್ಲಿ ಕೋರ್ಟು ಇದಕ್ಕೆ ನೀತಿ ಮಾಡುವುದನ್ನು ರಾಜ್ಯಗಳಿಗೆ ಬಿಟ್ಟಿತು. ಬೆಲೆ ನಿಯಂತ್ರಣ ಪ್ರಾಧಿಕಾರ 2018ರಲ್ಲಿ ದೆಹಲಿ ಸುತ್ತಮುತ್ತಲ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ತೆರೆದು ನೋಡಿದಾಗ ಕೆಲವು ಸಾಮಾನುಗಳ ಮೇಲೆ 1,700 ಪರ್ಸೆಂಟಿಗೂ ಮೀರಿದ ಲಾಭ ಕಂಡಿತ್ತು. ಎಂಆರ್‌ಪಿ ಮೀರಿರಲಿಲ್ಲ, ಎಂಆರ್‌ಪಿಯನ್ನೇ ಮೇಲೆ ಕಟ್ಟಿಸಿದ್ದರು. ಅದೇ ಇಂಜೆಕ್ಷನ್ ಹೊರಗೆ ಅರ್ಧ ಬೆಲೆಗೆ ಸಿಗುವುದು ಇದಕ್ಕೇ. ಆದರೆ ಐಸಿಯು ಬಾಗಿಲಲ್ಲಿ ನಿಂತು ಕಾನೂನು ಮಾತಾಡುವುದು ಯಾರಿಗೂ ಸುಲಭ ಅಲ್ಲ, ಒಪ್ಪುತ್ತೇನೆ. ದುಬಾರಿ ಇಂಜೆಕ್ಷನ್ ಇದ್ದರೆ ಒಂದೇ ಒಂದು ಮಾತು ಕೇಳಿ ನೋಡಿ: ‘ಹೊರಗಿಂದ ಬಿಲ್ ಸಮೇತ ತಂದುಕೊಡಬಹುದಾ?’

ಬಿಪಿಎಲ್ ಕಾರ್ಡ್ ಇದೆ, ಯಶಸ್ವಿನಿಯೂ ಇದೆ. ಯಾವುದು ನಡೆಯುತ್ತೆ?

ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಪರ್ಸೆಂಟ್ ಸರ್ಕಾರದ್ದು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಎಮರ್ಜೆನ್ಸಿ ಅಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ತೆಗೆದುಕೊಳ್ಳಬೇಕು. ಇಲ್ಲಿಂದ ನೇರ ಬೆಂಗಳೂರಿಗೆ ರೈಲು ಹತ್ತಿ ಹೋಗಿ ವಾಪಸ್ ಬಂದವರು ಎಷ್ಟೋ ಜನ. ಯಶಸ್ವಿನಿ ಸಹಕಾರ ಸಂಘದ ಸದಸ್ಯರಿಗೆ. ನಡುವೆ ನಿಂತಿದ್ದು ಮತ್ತೆ ಶುರುವಾಗಿದೆ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮಿತಿ 5 ಲಕ್ಷ. ಹೆಸರು ನೋಂದಾಯಿಸಲು ಕೊನೇ ದಿನಾಂಕ ಇರುತ್ತದೆ, ಹಾಲಿನ ಡೈರಿಯ ಕಾರ್ಯದರ್ಶಿಯನ್ನು ಕೇಳಿ.

ನನ್ನ ಕೌಂಟರಿಗೆ ಸಂಬಂಧಿಸಿದ ಮಾತು ಇದು: ಆಯುಷ್ಮಾನ್ ಪ್ಯಾಕೇಜಿನೊಳಗೆ ಡಿಸ್ಚಾರ್ಜ್ ಆದ ಮೇಲಿನ 15 ದಿನದ ಔಷಧವೂ ಸೇರಿದೆ. ಆದರೂ ‘ಹೊರಗೆ ತಗೊಳ್ಳಿ’ ಎಂದು ಬರೆಸಿಕೊಂಡು ನನ್ನ ಹತ್ತಿರ ಬರುತ್ತಾರೆ. ಮೊದಲು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕೇಳಿ. ಕೇಳಿಯೂ ಆಗದಿದ್ದರೆ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿ.

ಅಡ್ಮಿಟ್ ಆಗದೆ ಮನೆಯಲ್ಲೇ ಕ್ಯಾನ್ಸರ್ ಮಾತ್ರೆ ತಗೊಂಡ್ರೆ?

ಕ್ಯಾನ್ಸರಿಗೆ ಬಾಯಲ್ಲಿ ನುಂಗುವ ಕೀಮೋ ಮಾತ್ರೆ, ಕಣ್ಣಿನೊಳಗೆ ಕೊಡುವ ಇಂಜೆಕ್ಷನ್, ಇವನ್ನು ವಿಮಾ ನಿಯಂತ್ರಣ ಪ್ರಾಧಿಕಾರದವರು ಆಧುನಿಕ ಚಿಕಿತ್ಸೆಯ ಪಟ್ಟಿಯಲ್ಲಿ ಸೇರಿಸಿದ್ದಾರೆ. ವಿಮಾ ಕಂಪನಿಗಳು ಪೂರ್ತಿ ಹೊರಗಿಡುವಂತಿಲ್ಲ. ಇಷ್ಟೇ ಕೊಡುತ್ತೇವೆ ಎಂದು ಒಳಮಿತಿ ಹಾಕಿರಬಹುದು. ಪಾಲಿಸಿ ಪುಸ್ತಕದಲ್ಲಿ ಅದೊಂದು ಪುಟ ಹುಡುಕಿ.

ಪ್ರೀಮಿಯಂ ಮೇಲಿನ ಜಿಎಸ್‌ಟಿ ತೆಗೆದ್ರಂತೆ, ನಮ್ಮ ಪ್ರೀಮಿಯಂ ಯಾಕೆ ಇಳಿಲಿಲ್ಲ?

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಪಾಲಿಸಿಗಳ ಮೇಲಿದ್ದ 18 ಪರ್ಸೆಂಟ್ ಪೂರ್ತಿ ಹೋಗಿದೆ. ಕಂಪನಿ, ಸಂಘಗಳ ಗ್ರೂಪ್ ಪಾಲಿಸಿಗೆ ಹಾಗೇ ಇದೆ. ನಿಮ್ಮದು ವೈಯಕ್ತಿಕವಾಗಿದ್ದೂ ಇಳಿಯದಿದ್ದರೆ ಮೂಲ ಪ್ರೀಮಿಯಂ ಏರಿಸಿದ್ದಾರೆ ಎಂದರ್ಥ. ಹಳೇ ರಸೀದಿ ಪಕ್ಕದಲ್ಲಿಟ್ಟು ನೋಡಿ. ಅರವತ್ತು ದಾಟಿದವರಿಗೆ ವರ್ಷಕ್ಕೆ 10 ಪರ್ಸೆಂಟ್ ಮೀರಿ ಏರಿಸುವುದಾದರೆ ವಿಮಾ ಕಂಪನಿ ಮೊದಲು ಪ್ರಾಧಿಕಾರದ ಜೊತೆ ಮಾತಾಡಬೇಕು ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ.

ಡಿಸ್ಚಾರ್ಜ್ ಅಂತ ಬೆಳಿಗ್ಗೆ ಹೇಳಿ ರಾತ್ರಿವರೆಗೆ ಕೂರಿಸ್ತಾರೆ. ಯಾರಿಗೆ ಹೇಳೋದು?

ಕ್ಯಾಶ್‌ಲೆಸ್‌ಗೆ ಮೊದಲ ಒಪ್ಪಿಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಒಪ್ಪಿಗೆ ಆಸ್ಪತ್ರೆಯ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಬರಬೇಕು. ತಡವಾಗಿ ಆಸ್ಪತ್ರೆ ಹೆಚ್ಚು ಬಿಲ್ ಹಾಕಿದರೆ ಅದನ್ನು ವಿಮಾ ಕಂಪನಿಯೇ ಹೊರಬೇಕು. ಬಹಳ ಸಲ ಆಸ್ಪತ್ರೆಯವರೇ ಕೋರಿಕೆಯನ್ನು ಸಂಜೆ ಕಳಿಸಿರುತ್ತಾರೆ, ಎಷ್ಟು ಗಂಟೆಗೆ ಕಳಿಸಿದಿರಿ ಎಂದು ಕೇಳಿ. ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು, ಜೊತೆಗೆ ವಿಮಾ ನಿಯಂತ್ರಣ ಪ್ರಾಧಿಕಾರದ 155255 ಸಹಾಯವಾಣಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿಗೆ ಹೋಗಬಹುದು. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ವಕೀಲರೂ ಬೇಡ, ಫೀಸೂ ಇಲ್ಲ.

ಅಪ್ಪನಿಗೆ 72. ವಿಮೆಯೇ ಇಲ್ಲ. ಔಷಧದ ಖರ್ಚಿಗೆ ತೆರಿಗೆಯಲ್ಲಾದರೂ ಏನಾದ್ರೂ?

ಇದೆ. ಹಳೇ ತೆರಿಗೆ ಪದ್ಧತಿಯಲ್ಲಿರುವವರು, ವಿಮೆ ಇಲ್ಲದ ಹಿರಿಯ ತಂದೆ-ತಾಯಿಯ ವೈದ್ಯಕೀಯ ಖರ್ಚಿಗೆ ವರ್ಷಕ್ಕೆ 50,000ದವರೆಗೆ ವಿನಾಯಿತಿ ಪಡೆಯಬಹುದು. ನಗದು ಕೊಟ್ಟರೆ ನಡೆಯುವುದಿಲ್ಲ. ಯುಪಿಐನಲ್ಲಿ ಕಟ್ಟಿ, ಅಪ್ಪನ ಹೆಸರಿನಲ್ಲೇ ಬಿಲ್ ಹೊಡೆಸಿ.

ಕತ್ತರಿಸಿದ ಶೀಟಿನಲ್ಲಿ ಉಳಿದ ಮಾತ್ರೆ ವಾಪಸ್ ತಗೋತೀರಾ?

ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ತುದಿ ಉಳಿದಿದ್ದು, ಬಿಲ್ ಜೊತೆಗಿದ್ದರೆ ತೆಗೆದುಕೊಳ್ಳುತ್ತೇನೆ. ಇನ್ಸುಲಿನ್, ಕಣ್ಣಿನ ಡ್ರಾಪ್ಸ್, ತೆರೆದ ಸಿರಪ್ ಆಗುವುದಿಲ್ಲ. ನಿಮ್ಮ ಮನೆಯ ಫ್ರಿಡ್ಜಿನಲ್ಲಿ ಇನ್ಸುಲಿನ್ ಐಸ್ ಪೆಟ್ಟಿಗೆಯೊಳಗಿತ್ತೋ ಬಾಗಿಲಲ್ಲಿತ್ತೋ ನನಗೆ ಹೇಗೆ ಗೊತ್ತಾಗಬೇಕು? ಹೋದ ಬೇಸಿಗೆಯಲ್ಲಿ ಒಬ್ಬರು ಗಡ್ಡೆ ಕಟ್ಟಿದ ಇನ್ಸುಲಿನ್ ತಂದು ‘ಹಾಗೇ ಇದೆ ನೋಡಿ, ಒಂದು ಹನಿಯೂ ಚೆಲ್ಲಿಲ್ಲ’ ಎಂದು ಕೌಂಟರಿನ ಮೇಲಿಟ್ಟರು.